ರಾತ್ರಿಯ ಛಾಯಾಚಿತ್ರಕ್ಕೆ ಬೆಳಕನ್ನು ಕೂಡಿಸುವ ಬಗೆ

ಹಗಲು ಹೊತ್ತಿನಲ್ಲಿ ತೆಗೆದ ಛಾಯಾಚಿತ್ರ ಸ್ಫುಟವಾಗಿ ಮೂಡಿದರೆ ಯಾರೂ ಅಚ್ಚರಿಪಡುವುದಿಲ್ಲ. ಅದೇ ಕ್ಯಾಮೆರಾದಿಂದ, ಅದೇ ಕೈಯಿಂದ, ಅದೇ ದೃಶ್ಯವನ್ನು ಸೂರ್ಯಾಸ್ತವಾದ ಒಂದು ಗಂಟೆಯ ಬಳಿಕ ತೆಗೆದು ನೋಡಿದರೆ, ಚಿತ್ರ ಅಲುಗಿದಂತಿರುತ್ತದೆ, ಇಲ್ಲವೆ ಮಬ್ಬಾಗಿರುತ್ತದೆ, ಅದೂ ಇಲ್ಲವೆಂದರೆ ಮೈಯೆಲ್ಲ ರವೆ ಚೆಲ್ಲಿದಂತೆ ಕಾಳುಕಾಳಾಗಿ ಕಾಣುತ್ತದೆ. ಜಾತ್ರೆಯ ರಾತ್ರಿಯ ತೇರು, ದೀಪಾವಳಿಯ ಹಣತೆಗಳ ಸಾಲು, ಬೆಳದಿಂಗಳಿನ ಕೆರೆ ಇವುಗಳನ್ನು ನಮ್ಮ ಕಣ್ಣು ಸವಿದಷ್ಟು ಸೊಗಸಾಗಿ ಕ್ಯಾಮೆರಾ ಏಕೆ ಹಿಡಿಯಲಾರದು? ಅನೇಕರು ಈ ದೋಷವನ್ನು ಕ್ಯಾಮೆರಾದ ಮೇಲೆ ಹೊರಿಸಿ, ಅದಕ್ಕಿಂತ ಬೆಲೆಯುಳ್ಳ ಇನ್ನೊಂದನ್ನು ಕೊಳ್ಳಲು ಹೊರಡುತ್ತಾರೆ. ಹೊಸ ಕ್ಯಾಮೆರಾ ಬಂದ ಮೇಲೂ ಚಿತ್ರ ಅಲುಗುವುದು ನಿಲ್ಲದಿದ್ದಾಗ ಮಾತ್ರ ಅವರಿಗೆ ಸಂಶಯ ಹುಟ್ಟುತ್ತದೆ.

ವಾಸ್ತವವಾಗಿ ರಾತ್ರಿಯ ಚಿತ್ರದ ಸ್ಫುಟತೆ ಎರಡೇ ಪ್ರಶ್ನೆಗಳನ್ನು ಅವಲಂಬಿಸಿದೆ. ಎಷ್ಟು ಬೆಳಕನ್ನು ಕೂಡಿಸಿದೆವು? ಕೂಡಿಸಿದ ಬೆಳಕು ತಾನು ಬೀಳಬೇಕಾದ ಸ್ಥಳದಲ್ಲಿಯೇ ಬಿದ್ದಿತೆ? ಕ್ಯಾಮೆರಾದ ಮೇಲಿರುವ ಗುಂಡಿಗಳೂ ಅಂಕೆಗಳೂ ಎಷ್ಟೇ ಇರಲಿ, ಅವೆಲ್ಲವೂ ಈ ಎರಡು ಪ್ರಶ್ನೆಗಳಿಗೆ ಉತ್ತರ ಹೇಳುವ ಸಾಧನಗಳೇ. ಇದೊಂದು ಸಂಗತಿ ಮನಸ್ಸಿಗೆ ಹತ್ತಿದರೆ ಮಿಕ್ಕ ಕುಶಲತೆಗಳು ತಾವಾಗಿಯೇ ಅರ್ಥವಾಗುತ್ತವೆ.

ಇರುಳಿನ ಕತ್ತಲೆ ಎಷ್ಟು?

ಒಂದು ಮೇಲ್ಮೈಯ ಮೇಲೆ ಬೀಳುವ ಬೆಳಕನ್ನು ಲಕ್ಸ್ ಎಂಬ ಮಾನದಿಂದ ಅಳೆಯುವುದುಂಟು. ಒಂದು ಮೇಣದಬತ್ತಿಯನ್ನು ಒಂದು ಮೀಟರು ದೂರದಲ್ಲಿ ಹಿಡಿದರೆ ಪುಸ್ತಕದ ಪುಟದ ಮೇಲೆ ಬೀಳುವ ಬೆಳಕು ಸುಮಾರು ಒಂದು ಲಕ್ಸ್. ನಡುಹಗಲಿನ ಬಿಸಿಲು ಸುಮಾರು 1,00,000 ಲಕ್ಸ್. ದೀಪ ಹಚ್ಚಿದ ಕೋಣೆಯಲ್ಲಿ ನೂರಿನ್ನೂರು. ಬೀದಿದೀಪದ ಕೆಳಗೆ ಹತ್ತರ ಆಸುಪಾಸು. ನೆತ್ತಿಯ ಮೇಲಿನ ಹುಣ್ಣಿಮೆಯ ಚಂದ್ರನಿಂದ ದೊರೆಯುವುದು ಕಾಲು ಲಕ್ಸ್ ಮಾತ್ರ. ಚಂದ್ರನಿಲ್ಲದ ರಾತ್ರಿ ಬರಿಯ ನಕ್ಷತ್ರಗಳ ಬೆಳಕು ಒಂದು ಲಕ್ಸಿನ ಸಾವಿರದಲ್ಲೊಂದು ಭಾಗದಷ್ಟು. ಎಂದರೆ ಬಿಸಿಲು ಬೆಳದಿಂಗಳಿಗಿಂತ ಸುಮಾರು ನಾಲ್ಕು ಲಕ್ಷ ಪಟ್ಟು ಪ್ರಖರವಾದುದು. ಬಿಸಿಲಿನಲ್ಲಿ ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಮುಗಿಯುವ ಕೆಲಸಕ್ಕೆ ಬೆಳದಿಂಗಳಿನಲ್ಲಿ, ಬೇರೆ ಏನನ್ನೂ ಬದಲಿಸದಿದ್ದರೆ, 4,000 ಸೆಕೆಂಡು ಬೇಕಾಗುವುದು. ಅದು ಒಂದು ಗಂಟೆಗೂ ಮಿಗಿಲಾದ ಕಾಲ!

ಇಷ್ಟು ದೊಡ್ಡ ಅಂತರ ನಮ್ಮ ಅನುಭವಕ್ಕೆ ಬಾರದಿರುವುದಕ್ಕೆ ಕಣ್ಣಿನ ಉಪಾಯಗಳೇ ಕಾರಣ. ಕತ್ತಲೆಯಲ್ಲಿ ಪಾಪೆ ಎರಡು ಮಿಲಿಮೀಟರಿನಿಂದ ಏಳು ಮಿಲಿಮೀಟರಿನವರೆಗೆ ಹಿಗ್ಗುವುದು. ಅದರಿಂದ ಬರುವ ಲಾಭ ಹನ್ನೆರಡು ಪಟ್ಟು ಮಾತ್ರ. ಉಳಿದ ಕಾರ್ಯವೆಲ್ಲ ಅಕ್ಷಿಪಟಲದ್ದು. ಅದು ಅರ್ಧ ಗಂಟೆಯ ಅವಧಿಯಲ್ಲಿ ಮೆಲ್ಲಮೆಲ್ಲನೆ ಕತ್ತಲೆಗೆ ಪಳಗಿ, ಬಣ್ಣಗಳನ್ನು ಬಿಟ್ಟುಕೊಟ್ಟು, ಸೂಕ್ಷ್ಮ ವಿವರಗಳನ್ನೂ ಬಿಟ್ಟುಕೊಟ್ಟು, ಬರಿಯ ಆಕಾರಗಳನ್ನು ನಮಗೆ ತೋರಿಸುತ್ತದೆ. ಮಿಕ್ಕುದನ್ನು ಮನಸ್ಸು ತನ್ನ ನೆನಪಿನಿಂದ ತುಂಬಿಕೊಳ್ಳುತ್ತದೆ. ಆದರೆ ಕಣ್ಣಿಗೆ ಒಂದು ಮಿತಿಯಿದೆ. ಅದು ಬೆಳಕನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲ ಮಾತ್ರ ಕೂಡಿಸಬಲ್ಲುದು. ನಾವು ಒಂದು ಮಂಕಾದ ತಾರೆಯನ್ನು ಗಂಟೆಗಟ್ಟಲೆ ನೋಡುತ್ತ ನಿಂತರೂ ಅದು ಹೆಚ್ಚು ಪ್ರಕಾಶವಾಗಿ ಕಾಣುವುದಿಲ್ಲ. ಕ್ಯಾಮೆರಾಕ್ಕೆ ಈ ಮಿತಿಯಿಲ್ಲ. ಕದವನ್ನು ತೆರೆದಿಟ್ಟಷ್ಟು ಹೊತ್ತೂ ಅದು ಕೂಡಿಸುತ್ತಲೇ ಇರುತ್ತದೆ.

ಈ ಗುಣದ ಮಹತ್ತ್ವವನ್ನು ಖಗೋಳ ವಿಜ್ಞಾನಿಗಳು ಮೊದಲು ಕಂಡುಕೊಂಡರು. 1850ರ ಜುಲೈ ತಿಂಗಳಿನಲ್ಲಿ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಬಾಂಡ್ ಮತ್ತು ವಿಪ್ಪಲ್ ಎಂಬವರು ಅಭಿಜಿತ್ ನಕ್ಷತ್ರದ ಬಿಂಬವನ್ನು ಬೆಳ್ಳಿಯ ಲೇಪವುಳ್ಳ ಫಲಕದ ಮೇಲೆ 100 ಸೆಕೆಂಡು ಬೀಳಿಸಿ ಸೆರೆಹಿಡಿದರು. ಸೂರ್ಯನನ್ನು ಬಿಟ್ಟರೆ ಛಾಯಾಚಿತ್ರಕ್ಕೆ ಸಿಕ್ಕಿದ ಮೊದಲ ನಕ್ಷತ್ರ ಅದು. 1880ರಲ್ಲಿ ಹೆನ್ರಿ ಡ್ರೇಪರ್ 51 ನಿಮಿಷಗಳ ಕಾಲ ಬೆಳಕನ್ನು ಕೂಡಿಸಿ ಮಹಾವ್ಯಾಧ ಪುಂಜದ ನೀಹಾರಿಕೆಯ ಚಿತ್ರವನ್ನು ಪಡೆದನು. 1883ರಲ್ಲಿ ಇಂಗ್ಲೆಂಡಿನ ಕಾಮನ್ ಎಂಬುವನು ಅದೇ ನೀಹಾರಿಕೆಯನ್ನು ಚಿತ್ರಿಸಿದಾಗ, ದೂರದರ್ಶಕದಲ್ಲಿ ಕಣ್ಣಿಟ್ಟವರಿಗೆ ಕಾಣದಿದ್ದ ತಾರೆಗಳೂ ಫಲಕದ ಮೇಲೆ ಮೂಡಿದ್ದವು. ಕ್ಯಾಮೆರಾ ಕಣ್ಣನ್ನು ಮೀರಿಸಿದ ದಿನ ಅದು. ಕತ್ತಲೆಯಲ್ಲಿ ಕ್ಯಾಮೆರಾ ಕಣ್ಣಿಗಿಂತ ಹೀನವೆಂಬ ನಮ್ಮ ದೂರಿಗೆ ಕಾರಣ, ಅದಕ್ಕೆ ಕೂಡಿಸುವಷ್ಟು ಸಮಯವನ್ನು ನಾವು ಕೊಡದಿರುವುದೇ.

ಹನಿಗಳ ಲೆಕ್ಕ

ಚಿತ್ರ ಕಾಳುಕಾಳಾಗಿ ಕಾಣುವುದೇಕೆ ಎಂಬುದಕ್ಕೆ ಬೆಳಕಿನ ಸ್ವರೂಪವೇ ಉತ್ತರ ಹೇಳುತ್ತದೆ. ಬೆಳಕು ಕೊಳಾಯಿಯ ನೀರಿನಂತೆ ಎಡೆಬಿಡದೆ ಹರಿದು ಬರುವುದಿಲ್ಲ. ಮಳೆಯ ಹನಿಗಳಂತೆ ಬಿಡಿಬಿಡಿಯಾಗಿ ಬೀಳುತ್ತದೆ. 1905ರಲ್ಲಿ ಐನ್‌ಸ್ಟೈನ್ ಪ್ರತಿಪಾದಿಸಿದ ಈ ಹನಿಗಳಿಗೆ ಫೋಟಾನ್ ಎಂದು ಹೆಸರು. ಕ್ಯಾಮೆರಾದೊಳಗಿನ ಸಂವೇದಕದ ಮೇಲೆ ಪಿಕ್ಸೆಲ್ ಎಂಬ ಕೋಟಿಗಟ್ಟಲೆ ಪುಟ್ಟ ಕೋಶಗಳಿವೆ. ಪ್ರತಿಯೊಂದು ಕೋಶವೂ ತನ್ನ ಮೇಲೆ ಬಿದ್ದ ಫೋಟಾನುಗಳಿಂದ ಬಿಡುಗಡೆಯಾದ ಎಲೆಕ್ಟ್ರಾನುಗಳನ್ನು ಹಿಡಿದಿಟ್ಟುಕೊಂಡು, ಕೊನೆಗೆ ಲೆಕ್ಕ ಒಪ್ಪಿಸುತ್ತದೆ.

ಮಳೆ ಬರುವಾಗ ಅಂಗಳದಲ್ಲಿ ಒಂದೇ ಅಳತೆಯ ನೂರು ಲೋಟಗಳನ್ನು ಸಾಲಾಗಿ ಇಟ್ಟಿದ್ದೇವೆ ಎಂದು ಭಾವಿಸೋಣ. ಮಳೆ ಎಲ್ಲೆಡೆಯೂ ಒಂದೇ ಸಮನಾಗಿ ಸುರಿದರೂ, ಎಲ್ಲ ಲೋಟಗಳಲ್ಲಿಯೂ ಸರಿಯಾಗಿ ಅಷ್ಟೇ ಹನಿಗಳು ಬೀಳುವುದಿಲ್ಲ. ಸರಾಸರಿ 100 ಹನಿಗಳು ಬಿದ್ದಿದ್ದರೆ, ಒಂದರಲ್ಲಿ 92, ಇನ್ನೊಂದರಲ್ಲಿ 109, ಹೀಗೆ ಏರುಪೇರು ಇದ್ದೇ ಇರುವುದು. ಈ ಏರುಪೇರು ಸರಾಸರಿಯ ವರ್ಗಮೂಲದಷ್ಟಿರುವುದೆಂಬುದು ಸಂಭವನೀಯತೆಯ ಗಣಿತದಿಂದ ಸಿದ್ಧವಾಗಿದೆ. 100 ಹನಿಗಳಿಗೆ ಏರುಪೇರು 10, ಅಂದರೆ ನೂರಕ್ಕೆ ಹತ್ತು. 10,000 ಹನಿಗಳಿಗೆ ಏರುಪೇರು 100, ಅಂದರೆ ನೂರಕ್ಕೆ ಒಂದು ಮಾತ್ರ. ಹಗಲಿನ ಚಿತ್ರದಲ್ಲಿ ಪ್ರತಿ ಕೋಶಕ್ಕೂ ಸಾವಿರ ಸಾವಿರ ಫೋಟಾನುಗಳು ದೊರೆಯುವುದರಿಂದ ನೀಲಿ ಆಕಾಶ ನುಣುಪಾಗಿ ಕಾಣುತ್ತದೆ. ರಾತ್ರಿಯ ಚಿತ್ರದಲ್ಲಿ ಹತ್ತಾರು ಫೋಟಾನುಗಳಷ್ಟೇ ದೊರೆಯುವುದರಿಂದ, ಒಂದೇ ಬಣ್ಣದ ಗೋಡೆಯೂ ಚುಕ್ಕೆಚುಕ್ಕೆಯಾಗಿ ಕಾಣುತ್ತದೆ. ಇದು ಯಂತ್ರದ ದೋಷವಲ್ಲ, ಬೆಳಕಿನ ಸ್ವಭಾವ. ಇದಕ್ಕೆ ಪರಿಹಾರ ಒಂದೇ: ಇನ್ನಷ್ಟು ಹನಿಗಳನ್ನು ಕೂಡಿಸುವುದು. ಅದಕ್ಕೆ ಇರುವ ಮಾರ್ಗಗಳೂ ಎರಡೇ. ಪಾತ್ರೆಯ ಬಾಯಿಯನ್ನು ಅಗಲ ಮಾಡಬೇಕು, ಇಲ್ಲವೆ ಮಳೆಯಲ್ಲಿ ಹೆಚ್ಚು ಹೊತ್ತು ಇಡಬೇಕು.

ಬಾಯಿಯ ಅಗಲ

ಮಸೂರದ ಹಿಂದೆ, ಪಾಪೆಯಂತೆ ಹಿಗ್ಗಿ ಕುಗ್ಗುವ ಒಂದು ಕಂಡಿಯಿರುತ್ತದೆ. ಛಾಯಾಗ್ರಾಹಕರು ಅದನ್ನು ಅಪರ್ಚರ್ ಎಂದು ಕರೆಯುತ್ತಾರೆ. ಅದರ ಅಳತೆಯನ್ನು ಎಫ್/2, ಎಫ್/8, ಎಫ್/16 ಎಂದು ಬರೆಯುವುದು ವಾಡಿಕೆ. ಮಸೂರದ ಸಂಗಮದೂರವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಕಂಡಿಯ ವ್ಯಾಸ ದೊರೆಯುತ್ತದೆ. ಆದುದರಿಂದಲೇ ಸಂಖ್ಯೆ ಚಿಕ್ಕದಾದಷ್ಟೂ ಕಂಡಿ ದೊಡ್ಡದು. 50 ಮಿಲಿಮೀಟರು ಸಂಗಮದೂರದ ಮಸೂರಕ್ಕೆ ಎಫ್/2ರಲ್ಲಿ 25 ಮಿಲಿಮೀಟರಿನ ಕಂಡಿ. ಎಫ್/16ರಲ್ಲಿ ಮೂರು ಮಿಲಿಮೀಟರಿನ ಕಂಡಿ. ವ್ಯಾಸದಲ್ಲಿ ಎಂಟು ಪಟ್ಟು ವ್ಯತ್ಯಾಸವಾದರೆ ವಿಸ್ತೀರ್ಣದಲ್ಲಿ 64 ಪಟ್ಟು. ಬೆಳದಿಂಗಳಿಗೆ ಬೇಕಾದ 4,000 ಸೆಕೆಂಡು ಈ ಒಂದು ಬದಲಾವಣೆಯಿಂದಲೇ ಸುಮಾರು 62 ಸೆಕೆಂಡಿಗೆ ಇಳಿಯುತ್ತದೆ.

ಹಾಗಾದರೆ ಕಂಡಿಯನ್ನು ಯಾವಾಗಲೂ ಪೂರ್ತಿಯಾಗಿ ತೆರೆದಿಡಬಹುದಲ್ಲ ಎಂದು ಕೇಳಬಹುದು. ಹಾಗೆ ಮಾಡಿದರೆ ಎರಡನೆಯ ಪ್ರಶ್ನೆ ಅಡ್ಡ ಬರುತ್ತದೆ. ಕಂಡಿ ದೊಡ್ಡದಾದಷ್ಟೂ ಸ್ಫುಟವಾಗಿ ಮೂಡುವ ವಸ್ತುಗಳ ದೂರದ ಮೇರೆ ಕಿರಿದಾಗುತ್ತದೆ. ಎದುರಿನ ಮುಖ ಸ್ಪಷ್ಟವಾಗಿದ್ದರೆ ಹಿಂದಿನ ಗೋಪುರ ಕರಗಿಹೋಗುತ್ತದೆ. ಅಲ್ಲದೆ ಅನೇಕ ಮಸೂರಗಳು ಪೂರ್ತಿ ತೆರೆದಾಗ ಚಿತ್ರದ ಅಂಚುಗಳಲ್ಲಿ ದೀಪದ ಬಿಂದುಗಳನ್ನು ಎಳೆದು ವಿರೂಪಗೊಳಿಸುತ್ತವೆ. ಒಂದೆರಡು ಹೆಜ್ಜೆ ಕಿರಿದುಗೊಳಿಸಿದರೆ ಈ ದೋಷ ಬಹುಮಟ್ಟಿಗೆ ಕಡಮೆಯಾಗುವುದು.

ನಮ್ಮ ಜೇಬಿನಲ್ಲಿರುವ ದೂರವಾಣಿಯ ಕ್ಯಾಮೆರಾದ ಮೇಲೆ ಎಫ್/1.8 ಎಂದು ಬರೆದಿರುವುದನ್ನು ಕಂಡು ಹಿಗ್ಗುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಅದರ ಮಸೂರದ ಸಂಗಮದೂರ ಕೆಲವೇ ಮಿಲಿಮೀಟರು. ಆದುದರಿಂದ ಕಂಡಿಯ ವ್ಯಾಸ ನಾಲ್ಕು ಮಿಲಿಮೀಟರಿನ ಆಸುಪಾಸು ಮಾತ್ರ. ಕೂಡುವ ಹನಿಗಳ ಒಟ್ಟು ಮೊತ್ತವನ್ನು ನಿರ್ಧರಿಸುವುದು ಈ ಬಾಯಿಯ ವಿಸ್ತಾರವೇ.

ಕಾಲ ಮತ್ತು ಅಲುಗಾಟ

ಉಳಿದುದು ಕಾಲ. ಬೆಳಕನ್ನು ಒಳಗೆ ಬಿಡುವ ಷಟರ್ ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನು ನಾವು ಇಚ್ಛೆಯಂತೆ ಗೊತ್ತುಮಾಡಬಹುದು. ಇದಕ್ಕೆ ಹಣ ಕೊಡಬೇಕಾಗಿಲ್ಲ, ತಾಳ್ಮೆಯನ್ನು ಕೊಟ್ಟರೆ ಸಾಕು. ಆದರೆ ಆ ಅವಧಿಯಲ್ಲಿ ಕ್ಯಾಮೆರಾ ಕದಲಿದರೆ, ಒಂದು ಕೋಶಕ್ಕೆ ಬೀಳಬೇಕಾದ ಬೆಳಕು ನೆರೆಯ ಕೋಶಗಳಿಗೆಲ್ಲ ಹರಡಿಹೋಗುತ್ತದೆ. ಎಷ್ಟೇ ಗಟ್ಟಿಯಾಗಿ ಹಿಡಿದರೂ ಕೈ ನಡುಗದೆ ಇರದು. ಸೆಕೆಂಡಿನಲ್ಲಿ, ಮಸೂರದ ಸಂಗಮದೂರ ಎಷ್ಟು ಮಿಲಿಮೀಟರೋ ಅಷ್ಟನೆಯ ಒಂದು ಭಾಗಕ್ಕಿಂತ ಹೆಚ್ಚು ಕಾಲ ಬರಿಗೈಯಲ್ಲಿ ಹಿಡಿಯಬಾರದೆಂದು ಹಳಬರ ನಿಯಮ: 50 ಮಿಲಿಮೀಟರಿನ ಮಸೂರಕ್ಕೆ 1/50 ಸೆಕೆಂಡು. ಅಲುಗಾಟವನ್ನು ತಡೆಯುವ ಇಂದಿನ ಏರ್ಪಾಡುಗಳು ಈ ಮಿತಿಯನ್ನು ಹಲವು ಪಟ್ಟು ಸಡಿಲಿಸಿವೆಯಾದರೂ, ಇಡೀ ಒಂದು ನಿಮಿಷವನ್ನು ಯಾವ ಕೈಯೂ ಗೆಲ್ಲಲಾರದು.

ಆದಕಾರಣ ರಾತ್ರಿಯ ಚಿತ್ರಕ್ಕೆ ಮೊದಲು ಬೇಕಾದುದು ಟ್ರೈಪಾಡ್ ಎಂಬ ಮೂರು ಕಾಲಿನ ಆಸರೆ. ಅದಿಲ್ಲದಿದ್ದರೆ ಅಕ್ಕಿಯನ್ನೋ ಮರಳನ್ನೋ ಅರ್ಧ ತುಂಬಿದ ಬಟ್ಟೆಯ ಚೀಲವನ್ನು ಗೋಡೆಯ ಮೇಲಿರಿಸಿ, ಅದರ ಮೇಲೆ ಕ್ಯಾಮೆರಾವನ್ನು ಒತ್ತಿ ಕೂರಿಸಿದರೂ ಸಾಕು. ಗುಂಡಿಯನ್ನು ಬೆರಳಿನಿಂದ ಒತ್ತಿದ ಕ್ಷಣದಲ್ಲೇ ಕ್ಯಾಮೆರಾ ಕಂಪಿಸುವುದರಿಂದ, ಒತ್ತಿದ ಎರಡು ಸೆಕೆಂಡುಗಳ ಬಳಿಕ ಷಟರ್ ತೆರೆಯುವಂತೆ ಟೈಮರನ್ನು ಹೊಂದಿಸುವುದು ಒಳ್ಳೆಯದು. ಟ್ರೈಪಾಡಿನ ನಡುಗಂಬವನ್ನು ಎತ್ತರಕ್ಕೆ ಏರಿಸಬಾರದು. ಗಾಳಿ ಬೀಸುತ್ತಿದ್ದರೆ ಕ್ಯಾಮೆರಾದ ಕುತ್ತಿಗೆಪಟ್ಟಿಯನ್ನು ನೇತಾಡಲು ಬಿಡಬಾರದು. ಆಸರೆಯ ಮೇಲಿರಿಸಿದಾಗ ಅಲುಗಾಟ ತಡೆಯುವ ಏರ್ಪಾಡನ್ನು ಅನೇಕ ಕ್ಯಾಮೆರಾಗಳಲ್ಲಿ ನಿಲ್ಲಿಸಿಡಬೇಕು. ಇಲ್ಲದ ಅಲುಗಾಟವನ್ನು ಹುಡುಕಹೋಗಿ ಅದೇ ಚಿತ್ರವನ್ನು ಅಲುಗಿಸುವುದುಂಟು.

ಕ್ಯಾಮೆರಾ ನಿಶ್ಚಲವಾದರೂ ದೃಶ್ಯ ನಿಶ್ಚಲವಾಗಿರಬೇಕೆಂದಿಲ್ಲ. ಅರ್ಧ ಸೆಕೆಂಡಿನಲ್ಲಿ ನಡೆಯುವ ಮನುಷ್ಯ ಅರ್ಧ ಮೀಟರಿಗಿಂತ ಹೆಚ್ಚು ಮುಂದೆ ಸಾಗಿರುತ್ತಾನೆ. ಇಂಥ ಕಡೆ ದೀರ್ಘಕಾಲದ ಉಪಾಯ ಫಲಿಸದು. ಆಗ ಕಂಡಿಯನ್ನು ಪೂರ್ತಿ ತೆರೆದು, ಕಾಲವನ್ನು ಕಿರಿದುಗೊಳಿಸಿ, ಸ್ವಲ್ಪ ಕಾಳುಕಾಳಾದ ಚಿತ್ರವನ್ನೇ ಒಪ್ಪಿಕೊಳ್ಳಬೇಕು. ಅಲುಗಿದ ಮುಖಕ್ಕಿಂತ ಕಾಳುಕಾಳಾದ ಮುಖ ಮೇಲು. ವಿದ್ಯುದ್ದೀಪದ ಬೆಳಕಿನಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಆವರ್ತಿಸುವುದರಿಂದ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 1/100 ಸೆಕೆಂಡಿಗಿಂತ ಅತಿ ಕಿರಿದಾದ ಕಾಲವನ್ನು ಆರಿಸಿದರೆ ಚಿತ್ರದಲ್ಲಿ ಕಪ್ಪು ಪಟ್ಟೆಗಳು ಮೂಡಬಹುದು. 1/100 ಅಥವಾ 1/50 ಸೆಕೆಂಡಿನಲ್ಲಿ ಈ ತೊಡಕಿಲ್ಲ.

ಫ್ಲ್ಯಾಷ್ ದೀಪವಿರುವಾಗ ಇಷ್ಟೆಲ್ಲ ಪ್ರಯಾಸವೇಕೆ ಎನ್ನುವವರಿಗೆ ವಿಲೋಮ ವರ್ಗ ನಿಯಮವೇ ಉತ್ತರ. ದೂರ ಎರಡರಷ್ಟಾದರೆ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಮೂರು ಮೀಟರು ದೂರದಲ್ಲಿ ಕುಳಿತ ಮಿತ್ರನಿಗೆ ಸಾಕಾಗುವ ಫ್ಲ್ಯಾಷ್, ನೂರು ಮೀಟರು ಆಚೆಯ ಕಟ್ಟಡವನ್ನು ತಲಪುವ ವೇಳೆಗೆ ಸಾವಿರದ ನೂರನೆಯ ಒಂದು ಭಾಗವಾಗಿರುತ್ತದೆ. ಅರಮನೆಯ ದೀಪಾಲಂಕಾರದೆದುರು ನಿಂತ ಜನಸಂದಣಿಯಲ್ಲಿ ಫಳಫಳನೆ ಹೊಳೆಯುವ ಫ್ಲ್ಯಾಷುಗಳು ಬೆಳಗುವುದು ಮುಂದೆ ನಿಂತವರ ತಲೆಗಳನ್ನು ಮಾತ್ರ.

ಐ.ಎಸ್.ಒ. ಎಂಬ ಭ್ರಮೆ

ಕ್ಯಾಮೆರಾದಲ್ಲಿ ಐ.ಎಸ್.ಒ. ಎಂಬ ಮೂರನೆಯ ಅಂಕೆಯೊಂದಿದೆ. 100ರಿಂದ 1,600ಕ್ಕೆ ಏರಿಸಿದರೆ ಚಿತ್ರ 16 ಪಟ್ಟು ಬೆಳ್ಳಗಾಗುವುದು. ನಮ್ಮ ಬೆಳದಿಂಗಳಿನ 62 ಸೆಕೆಂಡು ಇದರಿಂದ ನಾಲ್ಕೇ ಸೆಕೆಂಡಿಗೆ ಇಳಿಯುತ್ತದೆ. ಇದನ್ನು ಕಂಡು, ಕತ್ತಲೆಗೆ ಇದೇ ಮದ್ದೆಂದು ನಂಬಿದವರು ಹಲವರು. ಆದರೆ ಈ ಅಂಕೆ ಒಂದೇ ಒಂದು ಫೋಟಾನನ್ನೂ ಹೆಚ್ಚಾಗಿ ತರುವುದಿಲ್ಲ. ಸಂಗೀತ ಕಛೇರಿಯಲ್ಲಿ ಧ್ವನಿವರ್ಧಕವನ್ನು ಏರಿಸಿದಂತೆ, ಸಿಕ್ಕಷ್ಟು ಸಂಕೇತವನ್ನು ಅದು ದೊಡ್ಡದು ಮಾಡಿ ತೋರಿಸುತ್ತದೆ, ಅಷ್ಟೆ. ಹಾಡಿನೊಡನೆ ಗದ್ದಲವೂ ದೊಡ್ಡದಾಗುವುದು. ನಾಲ್ಕು ಸೆಕೆಂಡಿನಲ್ಲಿ ಕೂಡಿದ ಹನಿಗಳು 62 ಸೆಕೆಂಡಿನವುಗಳ ಹದಿನಾರನೆಯ ಒಂದು ಭಾಗ. ವರ್ಗಮೂಲದ ನಿಯಮದಂತೆ ಏರುಪೇರು ನಾಲ್ಕು ಪಟ್ಟು ಎದ್ದು ಕಾಣುವುದು.

ಹಾಗೆಂದು ಐ.ಎಸ್.ಒ. ನಿರುಪಯುಕ್ತವೆಂದಲ್ಲ. ತೇರು ಸಾಗುತ್ತಿರುವಾಗ, ಮಗು ಕುಣಿಯುತ್ತಿರುವಾಗ ಹೆಚ್ಚು ಕಾಲ ದೊರೆಯದು, ಆಗ ಏರಿಸಲೇಬೇಕು. ದೃಶ್ಯ ನಿಶ್ಚಲವಾಗಿ, ಕ್ಯಾಮೆರಾವೂ ಭದ್ರವಾಗಿ ಕುಳಿತಿದ್ದರೆ ಅದನ್ನು 100ರಲ್ಲಿಯೇ ಬಿಟ್ಟು ಕಾಲವನ್ನು ಹೆಚ್ಚಿಸುವುದು ಜಾಣತನ. ಫಿಲ್ಮಿನ ಕಾಲದಲ್ಲಿ ಈ ಸ್ವಾತಂತ್ರ್ಯ ಇಷ್ಟಿರಲಿಲ್ಲ. ಫಿಲ್ಮು ತನ್ನ ಮೇಲೆ ಬಿದ್ದ ನೂರು ಫೋಟಾನುಗಳಲ್ಲಿ ಒಂದೆರಡನ್ನು ಮಾತ್ರ ಬಳಸಿಕೊಳ್ಳುತ್ತಿತ್ತು. ಕಾಲ ದೀರ್ಘವಾದಂತೆ ಇನ್ನೂ ಜಡವಾಗುತ್ತಿತ್ತು. 1969ರಲ್ಲಿ ಬೆಲ್ ಪ್ರಯೋಗಾಲಯದ ಬಾಯ್ಲ್ ಮತ್ತು ಸ್ಮಿತ್ ರೂಪಿಸಿದ, 2009ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದ ಪಾಲನ್ನು ತಂದುಕೊಟ್ಟ ಸಿ.ಸಿ.ಡಿ. ಎಂಬ ಸಾಧನದಿಂದ ಸಂವೇದಕಗಳ ಯುಗ ಮೊದಲಾಯಿತು. ಇಂದಿನ ಸಂವೇದಕಗಳು ಅರ್ಧಕ್ಕೂ ಹೆಚ್ಚು ಫೋಟಾನುಗಳನ್ನು ಲೆಕ್ಕಕ್ಕೆ ಹಿಡಿಯುತ್ತವೆ. ಆದರೆ ಅವಕ್ಕೆ ಬೇರೊಂದು ಕಾಟವಿದೆ. ಹಲವು ನಿಮಿಷ ತೆರೆದಿಟ್ಟರೆ ಶಾಖದಿಂದಲೂ ಎಲೆಕ್ಟ್ರಾನುಗಳು ಬಿಡುಗಡೆಯಾಗಿ, ಬೆಳಕಿಲ್ಲದೆಡೆಯಲ್ಲಿ ಕೆಂಪು ನೀಲಿ ಚುಕ್ಕೆಗಳು ಮೂಡುತ್ತವೆ. ಕ್ಯಾಮೆರಾ ಕದವನ್ನು ಮುಚ್ಚಿಕೊಂಡು ಅಷ್ಟೇ ಅವಧಿಯ ಇನ್ನೊಂದು ಚಿತ್ರವನ್ನು ತೆಗೆದು, ಮೊದಲಿನದರಿಂದ ಅದನ್ನು ಕಳೆಯುವ ವ್ಯವಸ್ಥೆ ಇದಕ್ಕಾಗಿಯೇ ಇದೆ.

ಅರಮನೆಯ ಮುಂದೆ

ಈಗ ಒಂದು ನಿಜವಾದ ದೃಶ್ಯವನ್ನು ತೆಗೆದುಕೊಳ್ಳೋಣ. ಮೈಸೂರಿನ ಅರಮನೆಯನ್ನು ಭಾನುವಾರಗಳಂದೂ ಹಬ್ಬದ ದಿನಗಳಂದೂ ಸಂಜೆ ಏಳು ಗಂಟೆಯ ಸುಮಾರಿಗೆ ಸುಮಾರು ಒಂದು ಲಕ್ಷ ಬಲ್ಬುಗಳು ಬೆಳಗುತ್ತವೆ. ಕ್ಯಾಮೆರಾವನ್ನು ಅದರಷ್ಟಕ್ಕೆ ಬಿಟ್ಟರೆ, ಕಪ್ಪು ಆಕಾಶವನ್ನು ಕಂಡು ದೃಶ್ಯವೆಲ್ಲ ಕತ್ತಲೆಯೆಂದು ಅದು ಭಾವಿಸುತ್ತದೆ. ಬೆಳಕನ್ನು ಅತಿಯಾಗಿ ಬಿಡುತ್ತದೆ. ಕಮಾನುಗಳೂ ಗುಮ್ಮಟಗಳೂ ಕರಗಿ ಒಂದೇ ಹಳದಿಯ ಮುದ್ದೆಯಾಗುತ್ತವೆ. ತುಂಬಿ ತುಳುಕಿದ ಲೋಟಕ್ಕೆ ಇನ್ನೆಷ್ಟು ನೀರು ಬಿದ್ದಿತೆಂದು ಹೇಳಲಾಗದಂತೆ, ತುಂಬಿಹೋದ ಕೋಶದಿಂದ ವಿವರವನ್ನು ಮತ್ತೆ ಪಡೆಯಲಾಗದು. ಆದುದರಿಂದ ಕ್ಯಾಮೆರಾವನ್ನು ಆಸರೆಯ ಮೇಲಿರಿಸಿ, ಐ.ಎಸ್.ಒ. 100, ಕಂಡಿ ಎಫ್/8 ಎಂದಿಟ್ಟು, ಎರಡು ಸೆಕೆಂಡಿನಿಂದ ತೊಡಗಿ, ಚಿತ್ರವನ್ನು ನೋಡಿ ಕಾಲವನ್ನು ಹೆಚ್ಚಿಸಿಯೋ ಕಡಮೆ ಮಾಡಿಯೋ ಹೊಂದಿಸಿಕೊಳ್ಳಬೇಕು. ದೀಪದ ಸಾಲುಗಳು ಬಿಡಿಬಿಡಿಯಾಗಿ ಕಾಣುವುದೇ ಸರಿಯಾದ ಗುರುತು.

ಆಕಾಶ ಪೂರ್ತಿ ಕಪ್ಪಾಗುವ ಮುನ್ನ, ಗಾಢ ನೀಲಿಯಾಗಿರುವಾಗ ತೆಗೆದ ಚಿತ್ರವೇ ಅತ್ಯಂತ ಸೊಗಸು. ಆಗ ದೀಪಕ್ಕೂ ಆಕಾಶಕ್ಕೂ ಇರುವ ಅಂತರ ಸಂವೇದಕದ ಮಿತಿಯೊಳಗಿರುತ್ತದೆ. ನಮ್ಮ ನಾಡಿನಲ್ಲಿ ಸೂರ್ಯ ಕ್ಷಿತಿಜಕ್ಕೆ ಬಹುತೇಕ ನೇರವಾಗಿ ಇಳಿಯುವುದರಿಂದ ಸಂಜೆಯ ಈ ಬೆಳಕು ಬೇಗ ಮಾಯವಾಗುತ್ತದೆ; ಅರ್ಧ ಗಂಟೆಗಿಂತ ಹೆಚ್ಚು ಕಾಲ ಕಾಯಲಾರದು. ಅಕ್ಟೋಬರ್ ಮೊದಲ ವಾರದಲ್ಲಿ ಮೈಸೂರಿನ ಸೂರ್ಯಾಸ್ತ ಸುಮಾರು 6 ಗಂಟೆ 10 ನಿಮಿಷಕ್ಕೆ. ಏಳು ಗಂಟೆಗೆ ದೀಪ ಹತ್ತುವಾಗ ಆಕಾಶ ಕಪ್ಪಾಗಿರುತ್ತದೆ. ಜೂನ್ ಕೊನೆಯಲ್ಲಾದರೋ ಸೂರ್ಯಾಸ್ತ 6 ಗಂಟೆ 50 ನಿಮಿಷದ ಸುಮಾರಿಗೆ. ದೀಪ ಹತ್ತಿದಾಗ ಆಕಾಶದಲ್ಲಿ ಇನ್ನೂ ಬೆಳಕಿರುವುದು. ದಸರೆಯ ವೈಭವಕ್ಕಾಗಿ ಕಾದವರಿಗೆ ಸಿಗದ ನೀಲಿ ಹಿನ್ನೆಲೆ ಮುಂಗಾರಿನ ಒಂದು ಬಿಡುವಿನ ಭಾನುವಾರ ಸಿಕ್ಕೀತು.

ಕತ್ತಲೆಯಲ್ಲಿ ಫೋಕಸ್ ಮಾಡುವುದೂ ಕಷ್ಟ. ಬೆಳಕು ನೆರಳುಗಳ ಅಂಚು ಕಾಣದಿದ್ದರೆ ಕ್ಯಾಮೆರಾದ ಯಂತ್ರ ಹಿಂದುಮುಂದಾಗಿ ತಡಕಾಡುವುದು. ಆಗ ದೂರದ ಒಂದು ದೀಪವನ್ನೋ ಪ್ರಕಾಶಮಾನವಾದ ನಕ್ಷತ್ರವನ್ನೋ ಪರದೆಯ ಮೇಲೆ ಹಿಗ್ಗಿಸಿ ನೋಡಿ, ಅದು ಅತ್ಯಂತ ಚಿಕ್ಕ ಬಿಂದುವಾಗುವವರೆಗೆ ಕೈಯಿಂದಲೇ ತಿರುಗಿಸಿ, ಮತ್ತೆ ಮುಟ್ಟದೆ ಬಿಡಬೇಕು.

ಚಂದ್ರ ಮತ್ತು ತಾರೆಗಳು

ಹುಣ್ಣಿಮೆಯ ಚಂದ್ರ ಚಿತ್ರದಲ್ಲಿ ಬಿಳಿಯ ಬಿಲ್ಲೆಯಂತೆ ಬರುವುದೇಕೆ? ನಮಗೆ ರಾತ್ರಿಯಾದರೂ ನಮಗೆ ಕಾಣುವ ಚಂದ್ರನ ಮುಖದ ಮೇಲೆ ಹಗಲು. ಅದು ಬಿಸಿಲಿನಲ್ಲಿ ಬಿದ್ದಿರುವ ಬಂಡೆ. ಐ.ಎಸ್.ಒ. 100, ಎಫ್/11, 1/100 ಸೆಕೆಂಡು ಅದಕ್ಕೆ ಸಾಕು. ಅದೇ ಚಂದ್ರನ ಬೆಳಕಿನಲ್ಲಿ ಮಿಂದ ನೆಲಕ್ಕೆ ಇದರ ಸುಮಾರು ಎರಡು ಲಕ್ಷ ಪಟ್ಟು ಬೆಳಕು ಬೇಕು. ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿಯಬೇಕೆನ್ನುವವರು, ಹುಣ್ಣಿಮೆಯಂದು ಸೂರ್ಯಾಸ್ತದ ವೇಳೆಗೇ ಚಂದ್ರ ಮೂಡುವುದನ್ನು ನೆನೆದು, ಆ ಹತ್ತಿಪ್ಪತ್ತು ನಿಮಿಷಗಳನ್ನು ಬಳಸಿಕೊಳ್ಳಬೇಕು.

ತಾರೆಗಳ ವಿಷಯದಲ್ಲಿ ಭೂಮಿಯೇ ಅಲುಗುವ ಆಸರೆ. ಆಕಾಶ ಒಂದು ಗಂಟೆಗೆ 15 ಅಂಶದಷ್ಟು ತಿರುಗುವಂತೆ ಕಾಣುತ್ತದೆ. 24 ಮಿಲಿಮೀಟರಿನ ಮಸೂರದಲ್ಲಿ ತಾರೆಯ ಬಿಂಬ 20 ಸೆಕೆಂಡಿನಲ್ಲಿ ಸುಮಾರು 35 ಮೈಕ್ರಾನ್, ಅಂದರೆ 36 ಮಿಲಿಮೀಟರು ಅಗಲದ ಸಂವೇದಕದ ಸಾವಿರದಲ್ಲೊಂದು ಭಾಗದಷ್ಟು ಸರಿದಿರುತ್ತದೆ. ಅದಕ್ಕಿಂತ ಹೆಚ್ಚಾದರೆ ಬಿಂದು ಗೆರೆಯಾಗತೊಡಗುವುದು. 500ನ್ನು ಸಂಗಮದೂರದಿಂದ ಭಾಗಿಸಿದಷ್ಟು ಸೆಕೆಂಡು ಎಂಬ ರೂಢಿಯ ನಿಯಮ ಇದರಿಂದಲೇ ಹುಟ್ಟಿದುದು. ಉತ್ತರದಲ್ಲಿ, ಬೆಂಗಳೂರಿನಿಂದ ನೋಡಿದರೆ ಕ್ಷಿತಿಜಕ್ಕಿಂತ 13 ಅಂಶ ಎತ್ತರದಲ್ಲಿರುವ ಧ್ರುವನಕ್ಷತ್ರದ ಸುತ್ತ ಈ ಚಲನೆ ನಿಧಾನ. ನಮ್ಮ ನೆತ್ತಿಯ ಬಳಿಯಲ್ಲಿ ಬಹುಮಟ್ಟಿಗೆ ಪೂರ್ಣ ವೇಗ.

ಕಾಲವನ್ನು ಹೆಚ್ಚಿಸಲಾಗದಿದ್ದಾಗ ಹಲವು ಚಿತ್ರಗಳನ್ನು ತೆಗೆದು ಒಂದರ ಮೇಲೊಂದು ಸರಿಯಾಗಿ ಹೊಂದಿಸಿ ಸರಾಸರಿ ಮಾಡುವುದುಂಟು. 16 ಚಿತ್ರಗಳನ್ನು ಕೂಡಿಸಿದರೆ ಏರುಪೇರು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುವುದು. ದೂರವಾಣಿಗಳ ನೈಟ್ ಮೋಡ್ ಎಂಬ ಚಮತ್ಕಾರದ ತಿರುಳು ಇದೇ. ನಾವು ಅದನ್ನು ಹಿಡಿದು ನಿಂತ ಕೆಲವು ಸೆಕೆಂಡುಗಳಲ್ಲಿ ಅದು ಅನೇಕ ಕಿರುಚಿತ್ರಗಳನ್ನು ತೆಗೆದು, ಕೈಯ ಅಲುಗಾಟವನ್ನು ಲೆಕ್ಕಹಾಕಿ ಸರಿಸಿ, ಕೂಡಿಸುತ್ತದೆ. ಮಾಂತ್ರಿಕವಾದುದು ಏನೂ ಇಲ್ಲ. ಇಲ್ಲಿಯೂ ಗೆಲ್ಲುವುದು ಕೂಡಿದ ಹನಿಗಳ ಮೊತ್ತವೇ. ದೂರವಾಣಿಯನ್ನು ಗೋಡೆಗೆ ಒರಗಿಸಿ ಹಿಡಿದರೆ ಫಲ ಇನ್ನೂ ಚೆನ್ನಾಗಿರುವುದು.

ಬೇಡದ ಬೆಳಕು

ಇಷ್ಟೆಲ್ಲ ಎಚ್ಚರಿಕೆ ವಹಿಸಿದರೂ ನಗರವಾಸಿಗಳಿಗೆ ಒಂದು ತಡೆ ಉಳಿಯುತ್ತದೆ. ಊರಿನ ದೀಪಗಳು ಮೇಲಕ್ಕೆ ಚೆಲ್ಲಿದ ಬೆಳಕು ಧೂಳಿನಲ್ಲಿಯೂ ಗಾಳಿಯಲ್ಲಿಯೂ ಚದರಿ ಆಕಾಶವನ್ನೇ ಬೆಳಗುತ್ತದೆ. ಒಂದು ಕೋಶಕ್ಕೆ ತಾರೆಯಿಂದ 100 ಫೋಟಾನುಗಳೂ ಆಕಾಶದಿಂದ 9,900 ಫೋಟಾನುಗಳೂ ಬಿದ್ದುವೆಂದು ಇಟ್ಟುಕೊಳ್ಳೋಣ. ಒಟ್ಟು 10,000, ಅದರ ಏರುಪೇರು 100. ತಾರೆಯ ಪಾಲು ಆ ಏರುಪೇರಿನಷ್ಟೇ ಆದುದರಿಂದ ಅದು ಮುಳುಗಿಹೋಯಿತು. ಕತ್ತಲೆಯ ಊರಿನಲ್ಲಿ ಆಕಾಶದ ಪಾಲು 300 ಆಗಿದ್ದರೆ, ಒಟ್ಟು 400, ಏರುಪೇರು 20. ಅದೇ ತಾರೆ ಈಗ ಐದು ಪಟ್ಟು ಎದ್ದು ಕಾಣುತ್ತದೆ. ಆಕಾಶದ ಸರಾಸರಿ ಬೆಳಕನ್ನು ಗಣಕಯಂತ್ರದಿಂದ ಕಳೆಯಬಹುದು, ಅದರ ಏರುಪೇರನ್ನು ಕಳೆಯಲಾಗದು. ಇಲ್ಲಿ ಬೆಲೆಯುಳ್ಳ ಕ್ಯಾಮೆರಾ ಕತ್ತಲೆಗೆ ಬದಲಾಗಲಾರದು.

ಈ ಕಾರಣದಿಂದಲೇ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ತನ್ನ ಎರಡು ಮೀಟರು ವ್ಯಾಸದ ಚಂದ್ರಾ ದೂರದರ್ಶಕವನ್ನು ದೂರದ ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರು ಎತ್ತರದ ಬೆಟ್ಟದ ಮೇಲೆ ನಿಲ್ಲಿಸಿದೆ. ಉಪಗ್ರಹದ ಸಂಪರ್ಕದಿಂದ ಅದನ್ನು ನಮ್ಮ ಹೊಸಕೋಟೆಯಿಂದಲೇ ನಡೆಸುವರು. 2022ರಲ್ಲಿ ಹಾನ್ಲೆಯ ಸುತ್ತಣ ಸುಮಾರು ಸಾವಿರ ಚದರ ಕಿಲೋಮೀಟರು ಪ್ರದೇಶ ಕತ್ತಲಾಕಾಶದ ರಕ್ಷಿತ ವಲಯವೆಂದು ಘೋಷಿತವಾಯಿತು. ದೀಪಗಳಿಗೆ ಮರೆ, ಕಿಟಕಿಗಳಿಗೆ ಪರದೆ, ಇಷ್ಟೇ ಅಲ್ಲಿನ ಹಳ್ಳಿಗರು ಕೈಗೊಂಡ ಕ್ರಮದ ಸಾರ.

ಅದು ನಮ್ಮ ಊರುಗಳಲ್ಲಿಯೂ ಅಸಾಧ್ಯವಲ್ಲ. ಬೀದಿಯ ದೀಪಕ್ಕೆ ಒಂದು ಮುಚ್ಚಳವಿಟ್ಟು ಬೆಳಕನ್ನು ನೆಲದ ಕಡೆಗೆ ತಿರುಗಿಸಿದರೆ, ನಡೆಯುವವರಿಗೆ ದಾರಿ ಇನ್ನಷ್ಟು ಚೆನ್ನಾಗಿ ಕಾಣುತ್ತದೆ, ವಿದ್ಯುತ್ತೂ ಉಳಿಯುತ್ತದೆ. ಬೆಳಕನ್ನು ಕೂಡಿಸುವ ವಿದ್ಯೆಯನ್ನು ಯಾರು ಬೇಕಾದರೂ ಕೆಲವು ಸಂಜೆಗಳಲ್ಲಿ ಕಲಿಯಬಹುದು. ಕೂಡಿಸಲು ಯೋಗ್ಯವಾದ ಇರುಳನ್ನು ಉಳಿಸಿಕೊಳ್ಳುವುದು ಮಾತ್ರ ಒಬ್ಬರ ಕೆಲಸವಲ್ಲ, ಅದು ಊರಿನ ಕೆಲಸ.